ಆಕ್ಸಿಲರೇಟರ್ ಒತ್ತಿದರೆ ಸ್ಪೀಕರ್ ಕುಯ್ಯ್ ಅನ್ನುತ್ತೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಕಾರಿಗೆ ಹೊಸದಾಗಿ ಆಂಪ್ಲಿಫೈಯರ್ ಹಾಕಿಸಿದ್ದೇನೆ. ಇಂಜಿನ್ ಆಫ್ ಇದ್ದರೆ ಹಾಡು ಚೆನ್ನಾಗಿ ಕೇಳುತ್ತೆ. ಸ್ಟಾರ್ಟ್ ಮಾಡಿದ ಕೂಡಲೇ ಕಿವಿ ಹತ್ತಿರ ಸೊಳ್ಳೆ ಬಂದ ಹಾಗೆ ಕುಯ್ಯ್ ಅಂತ ಶುರು. ಆರ್‌ಪಿಎಂ ಏರಿದಂತೆ ಸದ್ದೂ ಏರುತ್ತೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಹೋಗಲ್ಲ. ಹೈವೇಯಲ್ಲಿ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತೆ.

ಇದು ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು) ಸದ್ದು ಅನ್ನೋದು ಗೊತ್ತು. ಆಂಪ್ಲಿಫೈಯರ್‌ನಿಂದ ಆರ್‌ಸಿಎ ವೈರ್ (ಸ್ಟೀರಿಯೋದಿಂದ ಹಾಡಿನ ಸಿಗ್ನಲ್ ತರೋದು) ಕಿತ್ತರೆ ನಿಲ್ಲುತ್ತೆ. ಅಂದರೆ ಸದ್ದು ಆ ವೈರಿನಲ್ಲೇ ಬರ್ತಿದೆ, ಅಲ್ವಾ? ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2 ವೋಲ್ಟ್ ಇದೆ, ಅಂದರೆ ಚಾರ್ಜಿಂಗ್ ಸರಿ ಇದೆ.

ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದೆ. ಆಂಪ್ಲಿಫೈಯರ್‌ನ ಅರ್ಥಿಂಗ್ ವೈರನ್ನು ಬಾಡಿಯ ಪೇಂಟ್ ಮೇಲೇ ಬೋಲ್ಟ್ ಹಾಕಿ ಬಿಗಿದಿದ್ದಾರೆ, ಕೆರೆದೇ ಇಲ್ಲ! ಸಾಲದ್ದಕ್ಕೆ ಆರ್‌ಸಿಎ ಮತ್ತು ಬ್ಯಾಟರಿ ವೈರ್ ಎರಡನ್ನೂ ಸೇರಿಸಿ ಟೇಪ್ ಸುತ್ತಿ ಒಂದೇ ಕಡೆ ಎಳೆದಿದ್ದಾರೆ. ಹಾಕಿದವರನ್ನು ಕೇಳಿದರೆ 'ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿಸಿ ಸಾರ್' ಅಂತಾರೆ (ಈ ಸದ್ದು ತಡೆಯೋಕೆ ಆರ್‌ಸಿಎ ವೈರಿನ ಮಧ್ಯೆ ಸೇರಿಸೋ ಸಾಧನ). ಅಗ್ಗದ್ದು ಹಾಕಿದರೆ ಬೇಸ್ ಕಮ್ಮಿ ಆಗುತ್ತೆ, ಸುಮ್ನೆ ಯಾಕೆ?

ಮೊದಲು ಅರ್ಥಿಂಗ್ ಸರಿ ಮಾಡಲಾ, ವೈರ್ ಬೇರೆ ಮಾಡಲಾ? ಸ್ಟೀರಿಯೋಗೂ ಆಂಪ್ಲಿಫೈಯರ್ ಇರುವ ಜಾಗದಲ್ಲೇ ಅರ್ಥಿಂಗ್ ಕೊಡಬೇಕಾ? ಪಿ.ಬಿ. ರೋಡ್ ಕಡೆ ತಾಳ್ಮೆಯಿಂದ ವೈರಿಂಗ್ ಬಿಚ್ಚಿ ನೋಡುವ ಆಟೋ ಎಲೆಕ್ಟ್ರಿಷಿಯನ್ ಇದ್ದರೂ ಹೇಳಿ.