ಟಿಕ್ ಟಿಕ್, ಖಟ್ ಖಟ್, ಫಸ್ ಫಸ್: ಇಂಜಿನ್ನಿನ ಸದ್ದಿಗೆ ನಿಮ್ಮ ಕಡೆ ಏನಂತಾರೆ?

ಕಾರಿನ ಇಂಜಿನ್ನಿನಿಂದ ಬರುವ ಬೇರೆ ಬೇರೆ ಸದ್ದುಗಳಿಗೆ ನಿಮ್ಮ ಊರಿನ ಗ್ಯಾರೇಜುಗಳಲ್ಲಿ ಯಾವ ಪದ ಹೇಳುತ್ತಾರೆ? ಆ ಪದಗಳ ನಡುವಿನ ಅಂತರ ಎಲ್ಲ ಕಡೆಯೂ ಒಂದೇ ಆಗಿದೆಯೇ? ಕಲಬುರಗಿಯಲ್ಲಿ ನಾನು ಕೇಳಿದ್ದನ್ನು ಮೊದಲು ಬರೆಯುತ್ತೇನೆ. ಕೇಳಿದಾಗಿನಿಂದ ಈ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ನಮ್ಮ ಓಣಿಯಲ್ಲಿ ಬಾಡಿಗೆಗಿರುವ ಮೈಸೂರು ಕಡೆಯ ಮೇಷ್ಟ್ರೊಬ್ಬರ ಪೆಟ್ರೋಲ್ ಕಾರು ಸೇಡಂ ರಸ್ತೆಯಲ್ಲಿ ಇಂಜಿನ್ ವಿಪರೀತ ಬಿಸಿಯಾಗಿ ನಿಂತಿತು. ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಕೆಳಗೆ, ಸೋರದಂತೆ ಹಾಕುವ ಹಾಳೆ) ಹೋಗಿತ್ತು. ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದರು, ಇಂಜಿನ್ ಕಾಯುವುದೂ ನಿಂತಿತು. ಆದರೆ ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಮುಂಚೆ ಇರದ ಸದ್ದೊಂದು ಶುರುವಾಯಿತು. ತಿರುಗಿ ಒಯ್ದಾಗ ಜಾಬ್ ಕಾರ್ಡಿನಲ್ಲಿ ‘ಇಂಜಿನ್ ನಾಯ್ಸ್’ ಎಂದು ಬರೆದುಕೊಂಡರು, ವಾಲ್ವುಗಳನ್ನು ಒತ್ತಿ ತೆರೆಯುವ ಟ್ಯಾಪೆಟ್ ಸೆಟ್ ಮಾಡಿ ಕಳಿಸಿದರು. ಸದ್ದು ಹೋಗಲಿಲ್ಲ. ಕೊನೆಗೆ ಆಳಂದ ರಸ್ತೆಯ ಹಿರಿಯ ಮಿಸ್ತ್ರಿಯೊಬ್ಬರ ಹತ್ತಿರ ಇಬ್ಬರೂ ಹೋದೆವು.

ಮೇಷ್ಟ್ರು “ಕಟಕಟ ಅಂತ ಶಬ್ದ ಬರುತ್ತೆ ಕಣ್ರೀ” ಅಂದರು. ಮಿಸ್ತ್ರಿ ಬಾನೆಟ್ ಎತ್ತುವ ಮೊದಲೇ ಕೇಳಿದ್ದು ಇದು: “ಕಟಕಟ ಅಂದ್ರ ಹ್ಯಾಂಗ್ರಿ ಸರ್? ಟಿಕ್ ಟಿಕ್ ಅನ್ಲಕತ್ತದೋ, ಖಟ್ ಖಟ್ ಬಡೀಲಕತ್ತದೋ, ಇಲ್ಲಾ ಫಸ್ ಫಸ್ ಹವಾ ಬಿಡ್ಲಕತ್ತದೋ? ಥಂಡಿ ಇದ್ದಾಗ ಜಾಸ್ತಿನೋ, ಗರಂ ಆದ್ಮ್ಯಾಲ ಜಾಸ್ತಿನೋ?”

ಈ ಮೂರು ಪದಗಳಲ್ಲಿ ಮೂರು ಬೇರೆ ರೋಗಗಳಿವೆ. ಟಿಕ್ ಟಿಕ್ ಅಂದರೆ ಮೇಲಿನ ಸದ್ದು, ಟ್ಯಾಪೆಟ್ಟಿನದು. ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಅದು ಹೆಚ್ಚಾದರೆ ಲೋಹಕ್ಕೆ ಲೋಹ ತಾಗಿ ಸಣ್ಣಗೆ ಬಡಿಯುತ್ತದೆ. ಖಟ್ ಖಟ್ ಅಂದರೆ ಕೆಳಗಿನದು, ಪಿಸ್ಟನ್ನನ್ನು ಕ್ರ್ಯಾಂಕಿಗೆ (ಇಂಜಿನ್ನಿನ ಕೆಳಗೆ ತಿರುಗುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದರೆ ಬರುವುದು. ಆಕ್ಸಲರೇಟರ್ ಒತ್ತಿದಾಗ, ಏರು ಹತ್ತುವಾಗ ಜೋರಾಗುತ್ತದೆ. ಬೇರಿಂಗ್ ಸವೆದ ಸಿಲಿಂಡರಿನ ಪ್ಲಗ್ಗಿಗೆ ಕರೆಂಟ್ ತಪ್ಪಿಸಿದರೆ ಮೆತ್ತಗಾಗುತ್ತದೆ. ಅದು ಇನ್ನೂ ಬೆಳೆದು ‘ಧಡ್ ಧಡ್’ ಆಯಿತೆಂದರೆ ಗಾಡಿಯನ್ನು ಅಲ್ಲೇ ಬಂದ್ ಮಾಡಬೇಕು, ಮನೆಯವರೆಗೆ ಓಡಿಸಿಕೊಂಡು ಹೋಗೋಣ ಅನ್ನಬಾರದು. ಬೆಲ್ಟು ಜಾರಿದರೆ ಚೀಂ, ಆಲ್ಟರ್ನೇಟರಿನ ಬೇರಿಂಗಾದರೆ ಗುಂಯ್. ಇವೆರಡು ಎಲ್ಲರಿಗೂ ಗೊತ್ತಿರುವವು.

ಮೂರನೆಯದು ಫಸ್ ಫಸ್. ನಮ್ಮ ಮೇಷ್ಟ್ರ ಕಾರಿನದು ಇದೇ ಆಗಿತ್ತು. ಹೆಡ್ ಎತ್ತಬೇಕಾದರೆ ಸಾಮಾನ್ಯವಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಸೈಲೆನ್ಸರಿನ ಕಡೆ ಒಯ್ಯುವ ಕೊಳವೆ) ಬಿಚ್ಚಲೇಬೇಕು. ತಿರುಗಿ ಕೂಡಿಸುವಾಗ ಹಳೆಯ ಗ್ಯಾಸ್ಕೆಟ್ಟನ್ನೇ ಹಾಕಿದರೆ, ಅಥವಾ ಬೋಲ್ಟುಗಳನ್ನು ಸಮನಾಗಿ ಬಿಗಿಯದಿದ್ದರೆ, ಸಿಲಿಂಡರು ಹೊಗೆ ಉಗುಳಿದಾಗಲೆಲ್ಲ ಆ ಸಂದಿನಿಂದ ಒಂದಿಷ್ಟು ಹೊರಗೆ ಚಿಮ್ಮುತ್ತದೆ. ದೂರದಿಂದ ಕೇಳಿದರೆ ಟ್ಯಾಪೆಟ್ ಸದ್ದಿನಂತೆಯೇ ಇರುತ್ತದೆ. ತಾಳವೂ ಅದೇ. ಆ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ತೆರೆಯುತ್ತದೆ, ಅದರ ಟ್ಯಾಪೆಟ್ಟೂ ಅಷ್ಟರಲ್ಲಿ ಒಮ್ಮೆಯೇ ಬಡಿಯುತ್ತದೆ. ತಣ್ಣಗಿದ್ದಾಗ ಜೋರು, ಲೋಹ ಕಾದು ಹಿಗ್ಗಿದಂತೆ ಸಂದು ಮುಚ್ಚಿ ಕಡಿಮೆ. ಮಿಸ್ತ್ರಿ ಥಂಡಿ, ಗರಂ ಎಂದು ಕೇಳಿದ್ದು ಅದಕ್ಕೇ.

ಅವರು ಪರೀಕ್ಷೆ ಮಾಡಿದ ರೀತಿ ನನಗೆ ಪದಗಳಿಗಿಂತ ಹೆಚ್ಚು ಹೇಳಿತು. ಮೊದಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವ್ ಕವರಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. “ಇಲ್ಲಿ ಏನೂ ಇಲ್ರಿ.” ಆಮೇಲೆ ಅದನ್ನು ಬಿಟ್ಟು ಒಂದು ಮೊಳ ರಬ್ಬರ್ ಪೈಪು ತೊಗೊಂಡು, ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡಿನ ಸುತ್ತ ಆಡಿಸಿದರು. ಬಡಿತ ಕೇಳಲು ಕಬ್ಬಿಣ, ಹವಾ ಕೇಳಲು ಪೈಪು. ಹುಡುಗನೊಬ್ಬ ಸೈಲೆನ್ಸರಿನ ಬಾಯಿಗೆ ಒಂದು ಕ್ಷಣ ಬಟ್ಟೆ ಒತ್ತಿದ, ಸದ್ದು ಜೋರಾಯಿತು. ಇಂಜಿನ್ ಆರಿದ ಮೇಲೆ ಬಿಚ್ಚಿ ನೋಡಿದರೆ ಎರಡನೇ ಸಿಲಿಂಡರಿನ ಜೋಡಣೆಯಲ್ಲಿ ಕರ್ರಗೆ ಮಸಿ ಹಿಡಿದಿತ್ತು. ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನ ಬೋಲ್ಟಿನಿಂದ ಹೊರಗಿನವುಗಳ ಕಡೆಗೆ ಬಿಗಿಯುತ್ತಾ ಹೋದರು. ಸದ್ದು ನಿಂತಿತು.

ಈಗ ಪದಗಳ ಮಾತು. ಶಾಲೆಯಲ್ಲಿ ಇವನ್ನೆಲ್ಲ ‘ಅನುಕರಣಾವ್ಯಯ’ ಎಂಬ ಒಂದೇ ಹೆಸರಿನಡಿ ಕಲಿತು ಮುಗಿಸಿದ್ದೇವೆ. ಆದರೆ ಈ ಗುಂಪಿನೊಳಗೆ ಒಂದು ಕಟ್ಟು ಇದ್ದಂತೆ ಕಾಣುತ್ತದೆ. ಗಟ್ಟಿ ವಸ್ತು ಬಡಿದರೆ ಪದದ ಕೊನೆಗೆ ಕ್, ಟ್, ಡ್ ಬರುತ್ತವೆ: ಟಿಕ್, ಖಟ್, ಧಡ್. ಗಾಳಿ ನುಗ್ಗಿದರೆ ಸ್ ಬರುತ್ತದೆ: ಫಸ್, ಪುಸ್, ಹಾವಿನ ಬುಸ್. ಸ್ವರವೂ ಸುಮ್ಮನೆ ಬಂದಿಲ್ಲ. ಪಿಟಿಪಿಟಿ ಸಣ್ಣದು, ಪಟಪಟ ದೊಡ್ಡದು. ಕಿಣಿಕಿಣಿ, ಖಣಖಣ ಕೂಡ ಹಾಗೆಯೇ. ಟಿಕ್ ಮೇಲೆ, ಖಟ್ ಕೆಳಗೆ, ಧಡ್ ಇನ್ನೂ ಕೆಳಗೆ ಎಂದು ಮಿಸ್ತ್ರಿ ಹೇಳುವಾಗ ಈ ಕಟ್ಟನ್ನೇ ಇಂಜಿನ್ನಿಗೆ ಹಚ್ಚುತ್ತಿದ್ದರು.

ನನಗೆ ಸ್ಪಷ್ಟವಾಗಬೇಕಾದದ್ದು ಮಹಾಪ್ರಾಣದ ವಿಷಯ. ಮೇಷ್ಟ್ರ ‘ಕಟಕಟ’ ಮಿಸ್ತ್ರಿಗೆ ಏನನ್ನೂ ಹೇಳಲಿಲ್ಲ. ನಮ್ಮಲ್ಲಿ ಕಟಕಟ ಅಂದರೆ ಹಲ್ಲು ಕಡಿಯುವುದು, ಖಟ್ ಖಟ್ ಅಂದರೆ ಬಡಿತ. ಈ ಭೇದ ಕನ್ನಡದ್ದೋ ಅಥವಾ ದಖನಿ (ಈ ಕಡೆಯ ಉರ್ದು), ಮರಾಠಿಗಳ ಒಡನಾಟದಿಂದ ಬಂದದ್ದೋ? ಇಲ್ಲಿಯ ಗ್ಯಾರೇಜುಗಳಲ್ಲಿ ಒಂದೇ ವಾಕ್ಯದಲ್ಲಿ ಕನ್ನಡವೂ ದಖನಿಯೂ ಬರುತ್ತವೆ, ಶಬ್ದಕ್ಕೆ ‘ಆವಾಜ್’ ಎಂಬುದೇ ರೂಢಿ. ಹಾಗೆಂದು ಖಟ್ ಖಟ್ ಉರ್ದುವಿನಿಂದಲೇ ಬಂತು ಎಂದು ತೀರ್ಮಾನ ಕೊಡಲು ಮನಸ್ಸಿಲ್ಲ. ಇಂಥ ಜೋಡುಪದಗಳನ್ನು ಆರ್ಯ, ದ್ರಾವಿಡ ಎರಡೂ ಗುಂಪಿನ ಭಾಷೆಗಳು ಹಂಚಿಕೊಂಡಿವೆ ಎಂದು ಭಾಷಾವಿಜ್ಞಾನಿ ಎಮಿನೋ 1969ರಲ್ಲೇ ವಿವರವಾಗಿ ತೋರಿಸಿದ್ದಾರೆ. ಕೊಟ್ಟವರು ಯಾರು, ಕೊಂಡವರು ಯಾರು ಎಂದು ಒಂದೊಂದು ಪದಕ್ಕೂ ಹೇಳುವುದು ಕಷ್ಟ.

ಇನ್ನೊಂದು, ಬಿಡಿಸಿ ಹೇಳುವುದಕ್ಕೂ ಕೂಡಿಸಿ ಹೇಳುವುದಕ್ಕೂ ಇರುವ ಭೇದ. ‘ಟಕ್ಕನೆ’ ಒಂದೇ ಸಲ, ‘ಟಕ್ ಟಕ್’ ಬಿಡಿಬಿಡಿಯಾಗಿ, ‘ಟಕಟಕ’ ಎಡೆಬಿಡದೆ. ಐಡ್ಲಿಂಗಿನಲ್ಲಿ (ಆಕ್ಸಲರೇಟರ್ ಒತ್ತದೆ ಬಿಟ್ಟಾಗ) ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಸಡಿಲವಾದ ಒಂದು ಟ್ಯಾಪೆಟ್ 400 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಆರೇಳು. ಕಿವಿಗೆ ಅದು ಬಿಡಿಬಿಡಿಯಾಗಿಯೇ ಸಿಗುತ್ತದೆ. ನಾಲ್ಕೈದು ಟ್ಯಾಪೆಟ್ ಒಟ್ಟಿಗೆ ಸಡಿಲವಾದರೆ ಎಣಿಕೆ ತಪ್ಪಿ ಕೂಡಿಹೋಗುತ್ತದೆ. ಹಾಗಾದರೆ ‘ಟಿಕ್ ಟಿಕ್’ ಅಂದವರು ಒಂದು ಟ್ಯಾಪೆಟ್ಟಿನ ಮಾತು ಹೇಳುತ್ತಿದ್ದಾರೆ, ‘ಟಿಕಿಟಿಕಿ’ ಅಂದವರು ಹಲವು ಟ್ಯಾಪೆಟ್ಟುಗಳ ಮಾತು ಹೇಳುತ್ತಿದ್ದಾರೆ ಎನ್ನಬಹುದೇ? ಗ್ಯಾರೇಜಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದಕ್ಕೆ ಉತ್ತರ ಕೊಡಬೇಕು.

ಕ್ರಿಯಾಪದಗಳನ್ನೂ ಗಮನಿಸಿ. ಟ್ಯಾಪೆಟ್ ‘ಬಡೀತದ’, ಗ್ಯಾಸ್ಕೆಟ್ ಹವಾ ‘ಬಿಡ್ತದ’, ಇಂಜಿನ್ ಮಿಸ್ಸಿಂಗ್ ‘ಹೊಡೀತದ’. ‘ಶಬ್ದ ಮಾಡುತ್ತಿದೆ’ ಎಂದು ಬರೆದರೆ ಈ ಮೂರೂ ಅಳಿಸಿಹೋಗುತ್ತವೆ. ಜಾಬ್ ಕಾರ್ಡಿನ ‘ಇಂಜಿನ್ ನಾಯ್ಸ್’ ಮಾಡಿದ್ದೂ ಅದನ್ನೇ. ಗಿರಾಕಿ ಹೇಳಿದ ಪದವನ್ನೇ ಕನ್ನಡದಲ್ಲಿ ಬರೆದುಕೊಂಡು, ಅದು ಟಿಕ್ಕೋ ಫಸ್ಸೋ ಎಂದು ಒಂದು ಮಾತು ತಿರುಗಿ ಕೇಳಿದ್ದರೆ ಮೇಷ್ಟ್ರಿಗೆ ಟ್ಯಾಪೆಟ್ ಸೆಟ್ ಮಾಡಿಸಿದ ಖರ್ಚು ಉಳಿಯುತ್ತಿತ್ತು. ಇವು ನಿಘಂಟಿಗೆ ಬರಲೇಬೇಕಾದ ಪದಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಬರುವಾಗ ‘ಒಂದು ಬಗೆಯ ಶಬ್ದ’ ಎಂಬ ಅರ್ಥದೊಡನೆ ಬೇಡ. ಯಾವ ವಸ್ತು, ಯಾವ ಚಲನೆ, ಎಷ್ಟು ವೇಗ ಎಂಬ ವಿವರದೊಡನೆ ಬರಬೇಕು.

ಬೀದರಿನವರು, ಹುಬ್ಬಳ್ಳಿಯವರು, ಮಂಗಳೂರಿನವರು ತಮ್ಮ ಮಿಸ್ತ್ರಿಗಳನ್ನು ಕೇಳಿ ಬರೆಯಿರಿ. ಮೈಸೂರು, ಮಂಡ್ಯದ ಕಡೆಯವರಿಗೆ ಒಂದು ಹೆಚ್ಚಿನ ಪ್ರಶ್ನೆ: ಮ್ಯಾನಿಫೋಲ್ಡಿನಿಂದ ಹೊಗೆ ಸೋರುವಾಗ ಬರುವ ಸದ್ದಿಗೆ ನಿಮ್ಮಲ್ಲಿ ಫಸ್ ಫಸ್ ಅನ್ನುತ್ತಾರೋ, ಅಥವಾ ಅದಕ್ಕೂ ‘ಕಟಕಟ’ವೇ ಬಳಕೆಯಲ್ಲಿದೆಯೋ?