ಹಳೇ ಕಾರುಗಳಲ್ಲಿ ನಿಮ್ಮ ಕಣ್ಣು ನಿಲ್ಲೋದು ಯಾವ ಬಾಡಿ ಮೇಲೆ? ಯಾಕೆ?

ಕಲ್ಪತರು06 (ತಿಪಟೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ನಮ್ಮ ತೋಟದ ಮನೆಯಲ್ಲಿ ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ, ಅಟ್ಟದ ಕೆಳಗೆ ತಾತನ 1967ರ ಫಿಯೆಟ್ 1100 ಡಿಲೈಟ್. ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಅಂತ ಕರೆಸಿಕೊಂಡು, 1974ರಿಂದ ಪದ್ಮಿನಿ ಅಂತ ಮನೆಮಾತಾಯಿತಲ್ಲ, ಅದೇ ಗಾಡಿ. ಹನ್ನೊಂದು ವರ್ಷದಿಂದ ಸ್ಟಾರ್ಟ್ ಆಗಿಲ್ಲ. ಈ ವರ್ಷ ಕೊಬ್ಬರಿ ದುಡ್ಡು ಸ್ವಲ್ಪ ಕೈಗೆ ಬಂದಿದೆ, ಗಾಡಿಗೆ ಜೀವ ಕೊಡಬೇಕು ಅಂತ ಮನಸ್ಸಾಗಿದೆ.

ಚಿಕ್ಕವನಿದ್ದಾಗ ಗೋಣಿಚೀಲದ ಮೇಲೆ ಕೂತು ಅದರ ಹಿಂದಿನ ಮಡ್‌ಗಾರ್ಡ್ ಸವರುತ್ತಿದ್ದೆ. ಬಾಗಿಲು ಮುಗಿದ ಮೇಲೆ ಒಂದು ಏಣು ಮೆಲ್ಲಗೆ ಎದ್ದು, ಟೇಲ್ ಲ್ಯಾಂಪ್ ಹತ್ತಿರ ಹೋಗುವ ಹೊತ್ತಿಗೆ ಪುಟ್ಟ ರೆಕ್ಕೆ ಆಗುತ್ತೆ. ಮುಸ್ಸಂಜೆ ಬಿಸಿಲು ಶೆಡ್ಡಿನ ಬಾಗಿಲಿಂದ ಓರೆಯಾಗಿ ಬಿದ್ದರೆ ಆ ಏಣಿನ ಮೇಲೊಂದು ಬೆಳ್ಳಿ ಗೆರೆ ಮೂಡುತ್ತಿತ್ತು. ದೊಡ್ಡವನಾದ ಮೇಲೆ ಓದಿದೆ: ಕಾರಿಗೆ ರೆಕ್ಕೆ ಅನ್ನೋದು 1948ರ ಕ್ಯಾಡಿಲಾಕ್‌ನಿಂದ ಶುರುವಾಯಿತಂತೆ, ಲಾಕ್‌ಹೀಡ್ ಪಿ-38 ಯುದ್ಧವಿಮಾನದ ಬಾಲ ನೋಡಿ ಹೊಳೆದದ್ದು. 1959ರ ಕ್ಯಾಡಿಲಾಕ್ ಹೊತ್ತಿಗೆ ಅದು ಆಳೆತ್ತರಕ್ಕೇ ಹೊರಟಂತೆ ಬೆಳೆದುಬಿಟ್ಟಿತ್ತು. ಇಟಲಿಯವರು ಅದನ್ನೇ ತಗ್ಗಿಸಿ, ಹದವಾಗಿ, ಒಂದು ಸಣ್ಣ ಕಾರಿಗೆ ಹೊಂದಿಸಿದರು. ನನಗೆ ಆ ಹದವೇ ಇಷ್ಟ.

ಇಂಜಿನ್, ಮೈಲೇಜ್ ವಿಷಯ ಬೇಡ, ಅದನ್ನ ಬೇರೆ ಕಡೆ ಕೇಳ್ತೀನಿ. ನಿಮಗೆ ಯಾವ ಬಾಡಿ ಇಷ್ಟ, ಯಾಕೆ ಇಷ್ಟ, ಅಷ್ಟು ಹೇಳಿ. ನನ್ನ ಗಾಡಿ ಬಾಡಿಗೆ ಕೈ ಹಾಕುವ ಮೊದಲು ಏನು ನೋಡಬೇಕು ಅನ್ನೋದು ಗೊತ್ತಿದ್ದವರು ಅದನ್ನೂ ತಿಳಿಸಿ.

---

ತಗಡುಸುತ್ತಿಗೆ (ತುಮಕೂರು):

ಒಳ್ಳೆ ಪ್ರಶ್ನೆ ಕೇಳಿದೀಯಪ್ಪ. ನಾನು ತುಮಕೂರಲ್ಲಿ 38 ವರ್ಷ ಟಿಂಕರ್ ಕೆಲಸ ಮಾಡಿದೋನು. ಈಗ ಶೆಡ್ಡು ಮಗನ ಕೈಲೈತೆ, ನಾನು ಬೆಳಿಗ್ಗೆ ಹೋಗಿ ಕೂತ್ಕತೀನಿ ಅಷ್ಟೆ. ಗಾಡಿ ಚೆಂದ ಐತಾ ಇಲ್ವಾ ಅಂತ ನಾನು ನೋಡೋದು ಕಣ್ಣಲ್ಲಿ ಅಲ್ಲ, ಅಂಗೈಲಿ.

ನಂಗೆ ಅಂಬಾಸಡರ್. ಎರಡನೇ ಮಾತೇ ಇಲ್ಲ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನೋ ಗಾಡಿ ಅದು. ಬಂಗಾಳದ ಉತ್ತರಪಾರಾದಲ್ಲಿ 1957ರ ಸುಮಾರಿಗೆ ಶುರುವಾಗಿದ್ದು 2014ರವರೆಗೂ ಬಂತು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಅಂತ ಮುಂದಿನ ಜಾಲರಿ ಬದಲಾಯ್ತು, ಬಂಪರ್ ಬದಲಾಯ್ತು. ಆದ್ರೆ ಆ ರೂಫು, ಆ ಬಾಗಿಲು, ಹೆಗಲ ಥರ ಉಬ್ಬಿದ ಆ ಮಡ್‌ಗಾರ್ಡು ಹಂಗೇ ಉಳೀತು. ಪೇಟ ಕಟ್ಟಿದ ಯಜಮಾನ್ರು ತಲೆ ಬಗ್ಗಿಸದೆ ಕೂತ್ಕಬಹುದು. ಸಿದ್ಧಗಂಗೆ ಜಾತ್ರೆಗೆ ಒಂದೇ ಗಾಡೀಲಿ ಒಂಬತ್ತು ಜನ ಇಳಿದಿದ್ದನ್ನ ನಾನೇ ನೋಡಿದೀನಿ. ಮುಂದೆ ಉದ್ದನೆ ಒಂದೇ ಸೀಟು, ಗೇರು ಸ್ಟೀರಿಂಗ್ ಪಕ್ಕ, ಅಡ್ಡ ಏನೂ ಇಲ್ಲ.

ಆದ್ರೆ ನಂಗೆ ಇಷ್ಟ ಆಗಿದ್ದು ಅದಕ್ಕಲ್ಲ. ತಗಡಿಗೆ.

ಒಂದು ಚಪ್ಪಟೆ ತಗಡು ಕೈಲಿ ಹಿಡ್ದು ಅಲ್ಲಾಡ್ಸು, ಗುಡುಗ್ತದೆ. ಅದೇ ತಗಡನ್ನ ಬಾಣಲೆ ಥರ ಎರಡು ದಿಕ್ಕಿಗೂ ಬಗ್ಗಿಸು, ಕಲ್ಲಿನಂಗೆ ನಿಂತ್ಕಂಬಿಡ್ತದೆ. ಅಂಬಾಸಡರ್ ಮೈಯಲ್ಲಿ ಚಪ್ಪಟೆ ಜಾಗ ಹುಡುಕಬೇಕು. ಎಲ್ಲಾ ಕಡೆ ಬಾಣಲೆನೇ. ಅದಕ್ಕೇ ಅದು ಅಷ್ಟು ಗಟ್ಟಿ, ಅದಕ್ಕೇ ಅದರ ಮೇಲೆ ಬೆಳಕು ಹಂಗೆ ಹರೀತದೆ. ಅಂದವೂ ಬಲವೂ ಒಂದೇ ಕಡೆಯಿಂದ ಬಂದಿರೋದು.

ಒಂದು ಸಲ ಶಿರಾ ಕಡೆಯಿಂದ ಒಬ್ಬ ಮೇಷ್ಟ್ರು ಗಾಡಿ ತಂದ್ರು. ಲಾರಿ ಹಿಂದಕ್ಕೆ ಬಂದು ಎಡಗಡೆ ಹಿಂದಿನ ಮಡ್‌ಗಾರ್ಡ್ ಒತ್ತಿಬಿಟ್ಟಿತ್ತು. "ಪುಟ್ಟಿ ಮೆತ್ತಬೇಡಪ್ಪ, ತಗಡಲ್ಲೇ ತೆಗಿ, ಎಷ್ಟು ದಿನ ಆದ್ರೂ ಕಾಯ್ತೀನಿ" ಅಂದ್ರು. ಒಳಗಡೆ ಡಾಲಿ, ಅಂದ್ರೆ ಅಂಗೈಲಿ ಹಿಡಿಯೋ ಕಬ್ಬಿಣದ ಗಟ್ಟಿ, ಕೊಟ್ಟು ಮೇಲೆ ಸುತ್ತಿಗೇಲಿ ತಟ್ತಾ ಹೋದ್ರೆ ಗುಂಡಿ ಏನೋ ಎದ್ತು, ಆದ್ರೆ ತಗಡು ಎಳೆದು ಹಿಗ್ಗಿರ್ತದಲ್ಲ, ಒತ್ತಿದ್ರೆ ಟಪಕ್ ಅಂತ ಒಳಗೋಗೋದು, ಬಿಟ್ರೆ ಹೊರಗೆ. ಆಗ ಗ್ಯಾಸ್ ಉರೀಲಿ ಎಂಟಾಣೆ ಅಗಲ ಮಾತ್ರ ಕೆಂಪಗೆ ಕಾಯಿಸಬೇಕು. ಮರದ ಸುತ್ತಿಗೇಲಿ ನಾಕು ಏಟು, ತಕ್ಷಣ ಒದ್ದೆ ಬಟ್ಟೆ. ಚುಂಯ್ ಅಂತದೆ, ತಗಡು ಕುಗ್ತದೆ. ಬೆರಳಗಲ ಬಿಟ್ಟು ಇನ್ನೊಂದು. ಹಂಗೆ ಮೂರು ದಿನ. ಬರಿಗೈಲಿ ಸವರಿದ್ರೆ ಅಂಕುಡೊಂಕು ಗೊತ್ತಾಗಲ್ಲ, ಚರ್ಮ ಅಂಟ್ತದೆ. ತೆಳ್ಳನೆ ಬನಿಯನ್ ಬಟ್ಟೆ ಅಂಗೈ ಕೆಳಗಿಟ್ಕಂಡು ಸವರಬೇಕು, ಆಗ ಕೂದಲೆಳೆ ಏರುಪೇರೂ ತಿಳೀತದೆ. ಕೊನೇಗೆ ಸೀಮೆಎಣ್ಣೆ ಒರೆಸಿ, ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ನೆಟ್ಟಗೆ ಹರೀತದಾ ಅಂತ ಓರೆಗಣ್ಣಲ್ಲಿ ನೋಡಿದೆ. ಹರೀತು. ಮೇಷ್ಟ್ರು ಏನೂ ಮಾತಾಡ್ಲಿಲ್ಲ, ಅವರೂ ಒಂದ್ಸಲ ಕೈಯಾಡಿಸಿ ನೋಡಿದ್ರು.

ನಿನ್ನ ಫಿಯೆಟ್ ವಿಷಯಕ್ಕೆ ಬರ್ತೀನಿ. ಅದರ ರೆಕ್ಕೆ ಏಣು ಒಂದೇ ಉಸಿರಲ್ಲಿ ಎಳೆದ ಗೆರೆ. ಪುಟ್ಟಿ ಹಾಕೋರ ಕೈಗೆ ಸಿಕ್ಕಿದ್ರೆ ಅದು ದಪ್ಪ ಆಗ್ತದೆ, ಆಮೇಲೆ ಎಷ್ಟು ಪಾಲಿಶ್ ಹಾಕಿದ್ರೂ ಗಾಡಿ ಮಂಕು. ಒಂದು ಸಣ್ಣ ಅಯಸ್ಕಾಂತ ತಗಂಡು, ಪೇಂಟ್ ಗೀಚದಂಗೆ ಬಟ್ಟೇಲಿ ಸುತ್ತಿ ಮೈಯೆಲ್ಲಾ ಆಡಿಸು. ಹಿಡಿದ ಕಡೆ ತಗಡು, ಜಾರಿದ ಕಡೆ ಪುಟ್ಟಿ. ಎಲ್ಲಾ ಗುರುತು ಹಾಕ್ಕೋ. ಮುಖ್ಯವಾಗಿ ಬಾಗಿಲು ತೆಗೆದ್ರೆ ಕಾಲ ಕೆಳಗೆ ಸಿಗೋ ಹೊಸ್ತಿಲು ನೋಡು. ನಿನ್ನ ಗಾಡಿಗೆ ಲಾರಿ ಥರ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಹೊಸ್ತಿಲು ತುಕ್ಕು ತಿಂದಿದ್ರೆ ಮೊದಲು ಅದು, ಪೇಂಟು ಆಮೇಲೆ.

---

ಗಣಿನಾಡು (ಹುಟ್ಟೂರು ಕೆಜಿಎಫ್, ಈಗ ಕೋಲಾರ):

ಮೇಲಿನ ಹಿರಿಯರ ಮಾತು ಎರಡು ಸಲ ಓದಿದೆ.

ನನ್ನ ಆಯ್ಕೆ ಮಾರಿಸ್ ಮೈನರ್. ನಮ್ಮಪ್ಪ ಗಣಿಯ ವರ್ಕ್‌ಶಾಪಿನಲ್ಲಿದ್ದರು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಡಾಕ್ಟರಿಂದ ಕೊಂಡ ಬೂದು ಬಣ್ಣದ ಗಾಡಿ ಅದು. ತಿರುವು ಬಂದರೆ ದೀಪ ಮಿನುಗುತ್ತಿರಲಿಲ್ಲ. ಎರಡು ಬಾಗಿಲ ನಡುವಿನ ಕಂಬದಿಂದ ಗೇಣುದ್ದದ ಪುಟ್ಟ ಕೈಯೊಂದು ಎದ್ದು ನಿಲ್ಲುತ್ತಿತ್ತು, ಒಳಗೆ ಕಿತ್ತಳೆ ಬೆಳಕು. ಅದು ಆಗಾಗ ಅಂಟಿಕೊಳ್ಳುತ್ತಿತ್ತು. ಆಗ ಅಪ್ಪ "ಎಬ್ಬಿಸಮ್ಮ" ಅನ್ನುತ್ತಿದ್ದರು, ನಾನು ಒಳಗಿಂದ ಕಂಬಕ್ಕೆ ಮುಷ್ಟಿಯಲ್ಲಿ ಒಂದು ಗುದ್ದು ಕೊಡುತ್ತಿದ್ದೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ತಿರುವು ಬಂದರೆ ನಾನು ಮೊದಲೇ ತಯಾರಿರುತ್ತಿದ್ದೆ.

ಆ ಬಾಡಿ ಯಾಕೆ ಅಷ್ಟು ಮುದ್ದು ಅನ್ನೋದು ಬಹಳ ವರ್ಷಗಳ ಮೇಲೆ ತಿಳಿಯಿತು. 1948ರಲ್ಲಿ ಅದು ಬಂದಾಗ ವಿನ್ಯಾಸ ಮಾಡಿದವರು ಅಲೆಕ್ ಇಸಿಗೋನಿಸ್, ಮುಂದೆ ಮಿನಿ ಕಾರು ಮಾಡಿದ ಅದೇ ಮನುಷ್ಯ. ತಯಾರಿಕೆಗೆ ಹೋಗುವ ಮುನ್ನ ನೋಡಿದರೆ ಗಾಡಿ ತೀರಾ ಇಕ್ಕಟ್ಟಾಗಿ ಕಂಡಿತಂತೆ. ಮಾದರಿಯನ್ನು ಉದ್ದಕ್ಕೂ ಸರಿಯಾಗಿ ನಡುವೆ ಸೀಳಿಸಿ, ಎರಡು ಹೋಳನ್ನು ದೂರ ಸರಿಸುತ್ತಾ ಹೋಗಿ, ಕಣ್ಣಿಗೆ ಸರಿ ಅನ್ನಿಸಿದಲ್ಲಿ ನಿಲ್ಲಿಸಿದರು. ನಾಲ್ಕು ಇಂಚು. ಬಾನೆಟ್ಟಿನ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಪಟ್ಟಿ ಓಡುತ್ತದಲ್ಲ, ಅದು ಆ ನಾಲ್ಕು ಇಂಚು. ಬಂಪರ್ ಆಗಲೇ ತಯಾರಾಗಿ ಬಂದಿದ್ದರಿಂದ ಮೊದಮೊದಲ ಗಾಡಿಗಳಲ್ಲಿ ಅದನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಿದ್ದಾರೆ. ನಾನು ಆ ಬಾನೆಟ್ ಪಟ್ಟಿಯ ಮೇಲೆ ಕೂತು ಫೋಟೋ ತೆಗೆಸಿಕೊಂಡವಳು, ಅದು ಹಾಗೆ ಹುಟ್ಟಿದ್ದು ಅಂತ ಗೊತ್ತಿರಲಿಲ್ಲ.

ನಿಮ್ಮ ಡಿಲೈಟ್‌ಗಿಂತ ಹಳೆಯ ಫಿಯೆಟ್ 1100ಗಳ ಬಗ್ಗೆಯೂ ಒಂದು ಮಾತು. ಅವುಗಳ ಮುಂದಿನ ಬಾಗಿಲು ತೆರೆಯುತ್ತಿದ್ದುದು ಉಲ್ಟಾ, ಕೀಲು ನಡುವಿನ ಕಂಬಕ್ಕೆ. ಓಡುವಾಗ ಚಿಲಕ ಬಿಟ್ಟರೆ ಗಾಳಿ ಬಾಗಿಲನ್ನೇ ಕಿತ್ತು ಎಸೆಯುತ್ತೆ, ಅದಕ್ಕೇ ಆಮೇಲೆ ಬದಲಾಯಿಸಿದರು. ಆದರೆ ಬಂಗಾರಪೇಟೆಯ ನಮ್ಮಜ್ಜಿಗೆ ಅದೇ ಬೇಕು. ಕುರ್ಚಿಗೆ ಬೆನ್ನು ಮಾಡಿ ಕೂತ ಹಾಗೆ, ಸೀರೆ ನೆರಿಗೆ ಕೆಡದೆ ಕೂರಬಹುದು ಅನ್ನುತ್ತಿದ್ದರು. ಹೆಂಗಸರ ಕಣ್ಣಿಂದ ಆ ಬಾಗಿಲಿನ ಬಗ್ಗೆ ಯಾರೂ ಬರೆದದ್ದು ನಾನು ಓದಿಲ್ಲ, ಅದಕ್ಕೆ ಹೇಳಿದೆ.

---

ಕಾಂಟೆಸ್ಸಾ ಚಿಂತಾಮಣಿ:

ಗುಂಡಗಿನ ಗಾಡಿಗಳ ನಡುವೆ ನನ್ನದು ಚೌಕದ ಗಾಡಿ. ನನ್ನ ಹೆಸರಲ್ಲೇ ಇದೆ, ಕಾಂಟೆಸ್ಸಾ. 1984ರಲ್ಲಿ ಬಂತು, 2002ರವರೆಗೆ ಇತ್ತು, ಬಾಡಿ ಇಂಗ್ಲೆಂಡಿನ ವಾಕ್ಸ್‌ಹಾಲ್‌ದು. ಉದ್ದ ಬಾನೆಟ್, ಎರಡೆರಡು ದೀಪದ ಅಗಲ ಮುಖ, ನೆಲಕ್ಕೆ ತಗ್ಗಿದ ಮೈ. ಶಿಡ್ಲಘಟ್ಟ ರಸ್ತೆಯಲ್ಲಿ ಎದುರಿಗೆ ಬಂದರೆ ಈಗಲೂ ಜನ ದಾರಿ ಬಿಟ್ಟು ನಿಂತು ನೋಡ್ತಾರೆ.

ತಗಡುಸುತ್ತಿಗೆ ಅಣ್ಣನವರಿಗೆ ಒಂದು ಪ್ರಶ್ನೆ. ನನ್ನ ಸ್ನೇಹಿತ ಮದುವೆ ಮೆರವಣಿಗೆಗೆ ಗಾಡಿ ಬಾಡಿಗೆ ಕೊಡ್ತಾನೆ. ಒಂದು ಹಳೇ ಅಂಬಾಸಡರ್ ರೂಫ್ ಕತ್ತರಿಸಿ ಓಪನ್ ಮಾಡಿಸ್ತೀನಿ ಅಂತಿದ್ದಾನೆ. ಒಂದು ಗ್ಯಾರೇಜಿನವರು ಹದಿನೈದು ದಿನದಲ್ಲಿ ಮಾಡಿಕೊಡ್ತೀವಿ ಅಂದಿದ್ದಾರಂತೆ. ಮಾಡಿಸಬಹುದಾ?

---

ತಗಡುಸುತ್ತಿಗೆ:

ಬೇಡ. ನನ್ನ ಮಾತು ಅಂತ ಹೇಳಿ, ಬೇಡ ಅನ್ನಿ.

ಬೆಂಕಿಪೊಟ್ಟಣದ ಹೊರಗೂಡು ಕೈಲಿ ತಗೊಳ್ಳಿ. ನಾಕೂ ಕಡೆ ಮುಚ್ಚಿರೋವಾಗ ತಿರುಚಿ ನೋಡಿ, ತಡೀತದೆ. ಮೇಲಿನ ಮಗ್ಗುಲು ಕತ್ತರಿಸಿ ಮತ್ತೆ ತಿರುಚಿ. ಅಷ್ಟೇ ಕತೆ. ಅಂಬಾಸಡರ್ ರೂಫು ಬರೀ ನೆರಳಿಗೆ ಇಟ್ಟಿದ್ದಲ್ಲ, ಅದೂ ಭಾರ ಹೊರ್ತದೆ. ರೂಫ್ ಹೋದ್ರೆ ಗಾಡಿ ಹೊಟ್ಟೆ ಕುಸೀತದೆ, ಬಾಗಿಲು ಹಾಕಿದ್ರೆ ಕೂರಲ್ಲ. ನನ್ನ ಹತ್ರ ಹಂಗೆ ಕತ್ತರಿಸಿದ ಒಂದು ಗಾಡಿ ಬಂದಿತ್ತು, ಬಾಗಿಲಿಗೆ ಹಗ್ಗ ಕಟ್ಕಂಡು ಬಂದಿದ್ರು. ಆ ಮಟ್ಟಕ್ಕೆ ಹೋದ ಮೇಲೆ ನನ್ನ ಕೈಲೂ ಏನೂ ಆಗ್ಲಿಲ್ಲ. ಅವತ್ತು ಊಟ ಸೇರ್ಲಿಲ್ಲ ನಂಗೆ.

ಸ್ಟಾಂಡರ್ಡ್ ಹೆರಾಲ್ಡ್ ಬೇರೆ ಜಾತಿ. ಮದ್ರಾಸಲ್ಲಿ 1961ರಿಂದ ಮಾಡ್ತಿದ್ದ ಎರಡು ಬಾಗಿಲ ಗಾಡಿ, ಗೆರೆ ಎಳೆದೋನು ಮಿಕೆಲೊಟ್ಟಿ ಅಂತ ಇಟಲಿಯೋನು. ಅದಕ್ಕೆ ಕೆಳಗೆ ಬೇರೆ ಚಾಸಿನೇ ಐತೆ, ಬಾಡಿ ತುಂಡು ತುಂಡಾಗಿ ಬೋಲ್ಟಲ್ಲಿ ಕೂತಿರ್ತದೆ. ಇಂಗ್ಲೆಂಡಲ್ಲಿ ಕಂಪನಿಯೋರೇ ಓಪನ್ ಗಾಡಿ ಮಾರಿದ್ರು. ಬಾನೆಟ್ಟು ಎರಡೂ ಮಡ್‌ಗಾರ್ಡ್ ಸಮೇತ ಮೊಸಳೆ ಬಾಯಿ ಥರ ಮುಂದಕ್ಕೆ ಬಾಗ್ತದೆ, ಟೈರ್ ಮೇಲೆ ಕೂತ್ಕಂಡು ಇಂಜಿನ್ ಕೆಲಸ ಮಾಡಬಹುದು. ಮೆಕ್ಯಾನಿಕ್‌ಗಳಿಗೆ ಅದಕ್ಕೇ ಪ್ರಾಣ. ನಿಮ್ಮ ಸ್ನೇಹಿತರಿಗೆ ಓಪನ್ನೇ ಬೇಕಂದ್ರೆ ಹಳೇ ಜೀಪಿಗೆ ಹೂವು ಕಟ್ಲಿ, ಚೆನ್ನಾಗಿ ಕಾಣ್ತದೆ.

ಇನ್ನು ನಿಮ್ಮ ಕಾಂಟೆಸ್ಸಾ. ಚೆಂದದ ಗಾಡಿ, ಒಪ್ತೀನಿ. ಆದ್ರೆ ಆ ಚಪ್ಪಟೆ ಬಾನೆಟ್ ಮೇಲೆ ಒಂದು ಗುಂಡಿ ತೆಗೆಯೋ ಹೊತ್ತಿಗೆ ಅಂಬಾಸಡರ್‌ದು ಎರಡು ತೆಗೀಬಹುದು. ಸಮತಟ್ಟಲ್ಲಿ ತಪ್ಪು ಮುಚ್ಚಿಡಕ್ಕೆ ಜಾಗ ಇಲ್ಲ.

---

ಗಣಿನಾಡು:

ಓಪನ್ ಗಾಡಿ ಮಾತು ಬಂತಲ್ಲ, ನೆನಪಾಯಿತು. ಹಳೆಯ ಎರಡು ಸೀಟಿನ ಗಾಡಿಗಳಲ್ಲಿ ಹಿಂಭಾಗದ ಮುಚ್ಚಳ ಎತ್ತಿದರೆ ಬಯಲಲ್ಲೇ ಒಂದು ಸೀಟು ಎದ್ದು ಕೂರುತ್ತಿತ್ತು. ಅದರ ಹೆಸರು ಡಿಕ್ಕಿ ಸೀಟು. ಸೀಟು ಹೋಯಿತು, ಆ ಜಾಗಕ್ಕೆ ಸಾಮಾನು ಬಂತು, ನಮ್ಮ ಬಾಯಲ್ಲಿ ಡಿಕ್ಕಿ ಹಾಗೇ ಉಳಿಯಿತು.

ಕಲ್ಪತರು ಅವರೇ, ನಿಮ್ಮ ಗಾಡಿಗೆ 50 ವರ್ಷ ದಾಟಿದೆ. 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು, ಮೊದಲೇ ನೋಂದಣಿ ಇರುವ ಗಾಡಿಗೆ ಹಳೇ ನಂಬರೇ ಉಳಿಯುತ್ತದೆ, ಹೊಸದಾಗಿ ನೋಂದಣಿಯಾದರೆ ನಂಬರಿನಲ್ಲಿ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಬಾಡಿ, ಚಾಸಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನೀವು ಗಾಡಿಯನ್ನು ವಾರಕ್ಕೊಮ್ಮೆ ಪೇಟೆಗೆ ತರಬೇಕು ಅಂತಿದ್ದರೆ ಮೊದಲೇ ಯೋಚಿಸಿ.

---

ಕಲ್ಪತರು06:

ಎಲ್ಲರಿಗೂ ಕೃತಜ್ಞತೆ. ಭಾನುವಾರ ಹಳೇ ಸ್ಪೀಕರಿನ ಅಯಸ್ಕಾಂತ ಕಿತ್ತು, ತಾತನ ಪಂಚೆಯ ತುಂಡಲ್ಲಿ ಸುತ್ತಿಕೊಂಡು ಶೆಡ್ಡಿಗೆ ಹೋದೆ.

ಹೊಸ್ತಿಲು ಎಡಗಡೆ ಪೂರ್ತಿ ಹಿಡಿಯಿತು. ಬಲಗಡೆ ಹಿಂದಿನ ಚಕ್ರದ ಹತ್ತಿರ ಒಂದು ಗೇಣು ತುಕ್ಕು, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತೆ. ಎಡಗಡೆ ರೆಕ್ಕೆಯ ಏಣು ಬಾಗಿಲಿಂದ ಲ್ಯಾಂಪಿನವರೆಗೂ ಎಲ್ಲೂ ಬಿಡಲಿಲ್ಲ. ಅಪ್ಪಟ ತಗಡು. ಬಲಗಡೆ ರೆಕ್ಕೆಯಲ್ಲಿ ಮುಕ್ಕಾಲು ದಾರಿ ಹೋಗಿ ಜಾರಿ ಕೆಳಗೆ ಬಿತ್ತು. ಅಮ್ಮನನ್ನು ಕೇಳಿದೆ. ನಾನು ಹುಟ್ಟುವ ಮೊದಲು ಕಾಯಿ ತುಂಬಿದ ಎತ್ತಿನ ಗಾಡಿ ಹಿಂದಕ್ಕೆ ಜರುಗಿ ಗುದ್ದಿತ್ತಂತೆ. ತಾತ ಆ ದಿನ ಎತ್ತಿಗೆ ಪೆಟ್ಟಾಯಿತಾ ಅಂತ ಮೊದಲು ನೋಡಿದರಂತೆ.

ನಾನು ಅಷ್ಟು ವರ್ಷ ಸವರಿದ್ದು ಎಡಗಡೆ ರೆಕ್ಕೆ. ಬಲಗಡೆ ಗೋಡೆಗೆ ಒತ್ತಿಕೊಂಡಿತ್ತು, ಕೈ ಹೋಗುತ್ತಿರಲಿಲ್ಲ.

ತೀರ್ಮಾನ ಮಾಡಿದ್ದೀನಿ. ವಿಂಟೇಜ್ ನೋಂದಣಿಯೇ ಆಗಲಿ, ಪೇಟೆ ಓಡಾಟಕ್ಕೆ ಬೇರೆ ಗಾಡಿ ಇದೆ. ಬಲಗಡೆ ಪುಟ್ಟಿ ಎಲ್ಲಾ ತೆಗೆಸಿ ತಗಡಲ್ಲೇ ಎಬ್ಬಿಸಬೇಕು. ತಗಡುಸುತ್ತಿಗೆ ಅಣ್ಣ, ಗಾಡಿಯನ್ನ ತುಮಕೂರಿಗೆ ಹೇರಿಕೊಂಡು ಬಂದರೆ ನೀವು ನಿಂತು ಮಾಡಿಸಿಕೊಡ್ತೀರಾ? ಎಡಗಡೆ ರೆಕ್ಕೆಯ ಅಳತೆಗೆ ರಟ್ಟು ಕತ್ತರಿಸಿ ಇಟ್ಟುಕೊಳ್ಳಲಾ?

---

ತಗಡುಸುತ್ತಿಗೆ:

ತಗಂಡು ಬಾ. ಹೊಸ್ತಿಲು ಮೊದಲು, ಮಗ ಮಾಡ್ತಾನೆ. ರೆಕ್ಕೆ ನಾನೇ ಮಾಡ್ತೀನಿ.

ರಟ್ಟು ಕತ್ತರಿಸು, ಎಡಗಡೇದನ್ನೇ ಮಗುಚಿ ಹಿಡಿದ್ರೆ ಬಲಕ್ಕೆ ಅಳತೆ ಆಗ್ತದೆ. ಒಂದೇ ರಟ್ಟು ಸಾಲಲ್ಲ, ಉದ್ದಕ್ಕೊಂದು, ಅಡ್ಡಕ್ಕೆ ಗೇಣಿಗೊಂದರಂತೆ ನಾಕು. ಟೇಲ್ ಲ್ಯಾಂಪ್ ಬಿಚ್ಚಿ ಆಮೇಲೆ ಗೆರೆ ಹಾಕು. ಲ್ಯಾಂಪ್ ಇದ್ರೆ ಕೊನೇ ಅರ್ಧ ಇಂಚು ಸಿಗಲ್ಲ.