ಸಹಾಯ ಬೇಕು: 4294967297ಕ್ಕೂ 641ಕ್ಕೂ ಏನು ನಂಟು?

ನಮಸ್ಕಾರ. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ 4294967297 ಅವಿಭಾಜ್ಯವೆಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು 641 × 6700417 ಎಂದು ಒಡೆದರು. 641 ಎಂದರೆ 5 × 128 + 1, ಹಾಗೆಯೇ 625 + 16. ಇವೆರಡರಿಂದ 641 ಆ ಸಂಖ್ಯೆಯನ್ನು ಭಾಗಿಸುತ್ತದೆಂದು ನಾಲ್ಕೇ ಸಾಲಿನಲ್ಲಿ ಸಾಧಿಸುವುದು ನನಗೆ ಗೊತ್ತು. ಸೊಗಸಾಗಿದೆ, ಆದರೆ ಉತ್ತರ ಮೊದಲೇ ತಿಳಿದವರ ಜಾಣತನ ಅದು.

ನನಗೆ ಬೇಕಿರುವುದು ಹುಡುಕುವ ದಾರಿ. 4294967297ರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಹಾಗಾಗಿ ಅಂಥ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕು: 193, 257, 449, 577 ದಾಟಿದರೆ ಐದನೆಯದೇ 641! ಆದರೆ ಏಕೆ ಉಳಿಯಲೇಬೇಕು? ಗ್ರೂಪ್ ಸಿದ್ಧಾಂತ ತರದೆ, ಫರ್ಮಾರ ಕಿರು ಪ್ರಮೇಯವಷ್ಟೇ ಬಲ್ಲ ಪಿಯುಸಿ ಮಕ್ಕಳಿಗೆ ಅರ್ಥವಾಗುವಂತೆ ಯಾರಾದರೂ ಬಿಡಿಸಿ ಬರೆಯುವಿರಾ? ಕೈಯಲ್ಲಿ ಬರೆದ ಹಾಳೆಯ ಫೋಟೊ ಹಾಕಿದರೂ ಸಾಕು.